ಮೂರನೆಯ ಹೊದಿಕೆ

ನಾನೊಂದು ಕಂಬಳಿ. ಕರಿ ಕಂಬಳಿ. ರಾಣೆಬೆನ್ನೂರಿನ ಹತ್ತಿರದ ಮೆಡ್ಲೇರಿಯಲ್ಲಿ ಬೀರಪ್ಪಜ್ಜನ ಹನ್ನೊಂದು ಕುರಿಗಳು ನನ್ನನ್ನು ಮೈಮೇಲೆ ಹೊತ್ತು ಬೆಳೆಸಿದವು. ಒಂದು ದಿನ ಕತ್ತರಿ ಬಂತು. ಹಳ್ಳದ ನೀರಿನಲ್ಲಿ ಮಿಂದೆ, ಬಿಲ್ಲಿನ ಹೊಡೆತಕ್ಕೆ ಹಿಂಜಿಸಿಕೊಂಡೆ, ಅಜ್ಜಿಯ ರಾಟಿಯಲ್ಲಿ ನೂಲಾದೆ. ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಕುಡಿದು ಗಟ್ಟಿಯಾದೆ. ಆಮೇಲೆ ಅಜ್ಜ ಕುಣಿಯೊಳಗೆ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತು, ಎಲೆಯಡಿಕೆ ಅಗಿಯುತ್ತ, ನನ್ನನ್ನು ನೇಯ್ದು ಮುಗಿಸಿದ. ಬಣ್ಣ ಹಾಕಲಿಲ್ಲ. ಕುರಿಗಳ ಕಪ್ಪೇ ನನ್ನ ಕಪ್ಪು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಚುಚ್ಚುತ್ತೇನೆ. ಅದು ನನ್ನ ಹುಟ್ಟುಗುಣ, ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು ಗುಣವೂ ಇದೆ. ಉಣ್ಣೆಗೆ ಸಿಕ್ಕಿದ್ದೆಲ್ಲ ಅಂಟಿಕೊಳ್ಳುತ್ತದೆ. ಉತ್ತರಾಣಿ ಮುಳ್ಳು, ಒಲೆಯ ಹೊಗೆ, ಬೆವರಿನ ವಾಸನೆ, ಯಾವುದನ್ನೂ ಸುಲಭಕ್ಕೆ ಬಿಡುವ ಜಾತಿಯಲ್ಲ ನಮ್ಮದು. ನನಗೆ ಜನರ ಮಾತುಗಳೂ ಅಂಟಿಕೊಂಡವು. ಯಾರಾದರೂ ಪಿಸುಗುಟ್ಟಿದರೆ ಸಾಕು, ಎಳೆ ಎಳೆಯೂ ನಿಮಿರುತ್ತದೆ.

ನನ್ನನ್ನು ನೇಯಲು ಹೇಳಿದವಳು ಅಜ್ಜನ ಮಗಳು ಮಾಳವ್ವ. ಗಂಡ ಸತ್ತ ಮೇಲೆ ಹುಬ್ಬಳ್ಳಿಯಲ್ಲಿ ಒಬ್ಬಳೇ ಒಂದು ಖೋಲಿ ಹಿಡಿದು ಬದುಕುತ್ತಿದ್ದಳು. ಸ್ಟೇಶನ್ ಹತ್ತಿರ ಚೀನಾ ಡಾಕ್ಟರ ಹಲ್ಲಿನ ದವಾಖಾನೆಯಲ್ಲಿ ಅವಳ ಕೆಲಸ. ಕಸ ಗುಡಿಸಲು ಸೇರಿದವಳಿಗೆ ಡಾಕ್ಟರು ಪ್ಲಾಸ್ಟರಿನ ಅಚ್ಚು ತೆಗೆಯುವುದನ್ನು, ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವುದನ್ನು ಕಲಿಸಿದ್ದರು. ಡಾಕ್ಟರ ಹೆಸರು ಹೂ ಚಂಗ್‌ಲಿನ್. ಅವರ ಅಜ್ಜ ಚೀನಾದ ಒಂದು ಹೊಳೆದಂಡೆಯ ಊರಿನಿಂದ ಕಲ್ಕತ್ತೆಗೆ ಬಂದು, ಅಲ್ಲಿಂದ ರೈಲು ಹಿಡಿದು ಹುಬ್ಬಳ್ಳಿಯಲ್ಲಿ ಇಳಿದಿದ್ದರಂತೆ. ಮೂರು ತಲೆಮಾರಿನಿಂದ ಹುಬ್ಬಳ್ಳಿಯ ಹುಳುಕು ಹಲ್ಲುಗಳೇ ಆ ಮನೆಗೆ ಅನ್ನ ಹಾಕುತ್ತಿದ್ದವು.

"ಅಪ್ಪಾ, ನಮ್ಮ ಸಾಹೇಬ್ರ ದೊಡ್ಡ ಮಗಳ ಮದವಿ ಐತಿ. ಗದ್ದಿಗಿಗೆ ಹಾಸುವಂಥಾ ಕಂಬಳಿ ನೇದು ಕೊಡು" ಎಂದು ಅವಳು ಅಜ್ಜನಿಗೆ ಹೇಳಿದ್ದು ನನಗೆ ನೆನಪಿದೆ. ಆಗ ನಾನಿನ್ನೂ ಅರ್ಧ ನೂಲು, ಅರ್ಧ ಉಣ್ಣೆ.

"ಅವರು ಚೀನಾದವರಲ್ಲೇನವ್ವ? ಕಂಬಳಿ ಮ್ಯಾಲ ಕೂಡ್ತಾರೇನು?"

"ಮದವಿ ಅಂದ ಮ್ಯಾಲ ಎಲ್ಲಾರೂ ಕೂಡ್ತಾರ ಬಿಡು" ಎಂದಳು ಮಾಳವ್ವ.

ಅವಳ ಪ್ರಕಾರ ಅದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ. ನಮ್ಮಲ್ಲಿ ಮದುಮಕ್ಕಳನ್ನು ಕೂರಿಸುವುದು ಕಂಬಳಿಯ ಮೇಲೆಯೇ. ದೇವರೂ ಕೂರುವುದು ಕಂಬಳಿಯ ಮೇಲೆ. ನನಗಿಂತ ಮಂಗಳದ ಉಡುಗೊರೆ ಇನ್ನೊಂದಿದೆ ಎಂದು ಮೆಡ್ಲೇರಿಯಲ್ಲಿ ಯಾರಾದರೂ ಹೇಳಿದ್ದರೆ ಅಜ್ಜ ಅವರ ಜೊತೆ ಮಾತು ಬಿಡುತ್ತಿದ್ದ.

ಮದುವೆಯ ದಿನ ಮಾಳವ್ವ ನನ್ನನ್ನು ನಾಲ್ಕು ಮಡಿಕೆ ಮಾಡಿ, ಮೇಲೊಂದು ಹೊಸ ಬಿಳಿ ಕವರು ಇಟ್ಟು, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಕವರಿನಲ್ಲಿ ನೂರರ ಒಂದು ನೋಟು, ಜೊತೆಗೆ ಒಂದು ರೂಪಾಯಿ. ಬರೀ ನೂರು ಕೊಟ್ಟರೆ ಸೊನ್ನೆಗೆ ನಿಂತುಬಿಡುತ್ತದೆ, ಮೇಲೊಂದು ಇದ್ದರೆ ಬಾಳು ಬೆಳೆಯುತ್ತದೆ ಎಂಬುದು ಅವಳ ಲೆಕ್ಕ. ನೀವೂ ಹಾಗೇ ಕೊಡುತ್ತೀರಿ, ಅಲ್ಲವೇ?

ಡಾಕ್ಟರ ಮನೆಯೊಳಗೆ ಹೋದರೆ ಎಲ್ಲಿ ನೋಡಿದರೂ ಕೆಂಪು. ಕೆಂಪು ಪರದೆ, ಕೆಂಪು ಹಾಳೆ, ಕೆಂಪು ಕವರುಗಳ ರಾಶಿ, ಮದುಮಗಳು ಸೂಯಿನ್ ಮೈಮೇಲೆ ಕೆಂಪು ರೇಷ್ಮೆ. ಆ ಕೆಂಪಿನ ನಡುವೆ ನಾನೊಬ್ಬ ಕರಿಯ, ನನ್ನ ತಲೆಯ ಮೇಲೊಂದು ಬಿಳಿ ಕವರು. ಡಾಕ್ಟರ ಹೆಂಡತಿ ಮೇಹ್ವಾ ಬಾಯಾರು ನಗುತ್ತ ಎದುರಿಗೆ ಬಂದವರು ನನ್ನನ್ನು ಕಂಡು ನಿಂತರು. ಕವರು ತೆರೆದು ಆ ಒಂಟಿ ರೂಪಾಯಿ ಕಂಡದ್ದೇ ಅದನ್ನು ಮತ್ತೆ ಮುಚ್ಚಿಬಿಟ್ಟರು. ಅವರು ನನ್ನನ್ನು ಮುಟ್ಟಲಿಲ್ಲ.

ಡಾಕ್ಟರು ಮುಂದೆ ಬಂದು ಎರಡೂ ಕೈಯಲ್ಲಿ ನನ್ನನ್ನು ಇಸಿದುಕೊಂಡರು. "ಭಾಳ ಬೆಚ್ಚಗ ಐತಿ, ಮಾಳವ್ವ" ಎಂದರು. ಮಾಳವ್ವ ಹಿಗ್ಗಿದಳು. ಆದರೆ ಮದುಮಕ್ಕಳು ನನ್ನ ಮೇಲೆ ಕೂರಲಿಲ್ಲ. ನಾನು ಸೀದಾ ಒಳಕೋಣೆಯ ಟ್ರಂಕು ಸೇರಿದೆ, ನುಸಿಗುಳಿಗೆಗಳ ಜೊತೆ.

ಏನು ತಪ್ಪಾಯಿತು? ಟ್ರಂಕಿನ ಕತ್ತಲಲ್ಲಿ ನಾನು ಅದನ್ನೇ ಯೋಚಿಸಿದೆ. ಚುಚ್ಚಿದೆನೇ? ಯಾರೂ ನನ್ನನ್ನು ಹೊದ್ದೇ ಇರಲಿಲ್ಲ. ಕುರಿ ವಾಸನೆಯೇ? ಬಿಸಿಲಿಗೆ ಹಾಕಿದರೆ ಹೋಗುತ್ತಿತ್ತಲ್ಲ.

ಮರುವರ್ಷ ಕಲ್ಕತ್ತೆಯಿಂದ ಸುದ್ದಿ ಬಂತು. ಸೂಯಿನ್‌ಳ ಚೊಚ್ಚಲ ಕೂಸು ಒಂಬತ್ತು ದಿನ ಬದುಕಿ ಹೋಯಿತು. ಅಂದು ಬಾಯಾರು ಟ್ರಂಕಿನ ಮುಚ್ಚಳ ತೆರೆದು ನನ್ನನ್ನೇ ನೋಡುತ್ತ ಬಹಳ ಹೊತ್ತು ನಿಂತರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಅಳಲೂ ಇಲ್ಲ. ಮುಚ್ಚಳ ಹಾಕಿ ಬೀಗ ಜಡಿದರು.

ಆ ಮನೆಯ ರಚನೆ ಹೇಳುತ್ತೇನೆ, ಮುಂದಿನದು ತಿಳಿಯಲು ಅದು ಬೇಕು. ಮುಂದೆ ದವಾಖಾನೆ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ. ನನ್ನ ಟ್ರಂಕು ಇದ್ದದ್ದು ಪರದೆಯ ಒಳಮಗ್ಗುಲಿಗೆ. ಮೊದಲು ದಿನಾ ನಾಲ್ಕು ಗಂಟೆಗೆ ಮಾಳವ್ವ ಪರದೆ ಸರಿಸಿ ಒಳಗೆ ಬರುತ್ತಿದ್ದಳು, ಬಾಯಾರ ಜೊತೆ ನೆಲದ ಮೇಲೆ ಕೂತು ಚಾ ಕುಡಿಯುತ್ತಿದ್ದಳು. ಕೂಸು ಹೋದ ಮೇಲೆ ಅದು ನಿಂತಿತು. ಚಾ ನಿಲ್ಲಲಿಲ್ಲ. ಡಾಕ್ಟರೇ ಲೋಟ ಹಿಡಿದು ಹೊರಗೆ ಒಯ್ದು ಕೊಡುತ್ತಿದ್ದರು. "ಬಾಯಾರಿಗೆ ಆರಾಮ ಐತೇನ್ರಿ?" ಎಂದು ಮಾಳವ್ವ ಕೇಳುತ್ತಿದ್ದಳು. "ಐತಿ" ಎನ್ನುತ್ತಿದ್ದರು ಡಾಕ್ಟರು. ಹದಿನಾರು ವರ್ಷ ದಿನಾ ಇದೇ ಮಾತು.

ನಾನು ಒಳಗೆ, ನನ್ನನ್ನು ತಂದವಳು ಹೊರಗೆ. ನನಗೆ ಅದು ಸರಿಯೆನಿಸಲಿಲ್ಲ.

ಆದರೂ ಕೇಳಲು ಬೇಕಾದಷ್ಟಿತ್ತು. ಹಲ್ಲು ಕೀಳಿಸಿಕೊಳ್ಳುವವರ ಬೊಬ್ಬೆ, ಡಾಕ್ಟರ ಸಮಾಧಾನ, ಮಾಳವ್ವ ಸೆಟ್ಟು ಉಜ್ಜುವ ಯಂತ್ರದ ಗುಂಯ್ ಸದ್ದು. ಮನೆಯವರ ಚೀನಾ ಮಾತೂ ನನಗೆ ಒಂದಿಷ್ಟು ಅಂಟಿಕೊಂಡಿತು. ಒಮ್ಮೆ ಮಾಳವ್ವ, "ಕುರಿಗೆ ಮ್ಯಾಲಿನ ಮುಂದಿನ ಹಲ್ಲ ಇರೂದಿಲ್ರಿ ಸಾಹೇಬ್ರ" ಎಂದಳು. ಡಾಕ್ಟರು ನಂಬಲಿಲ್ಲ. ಮೂವತ್ತು ವರ್ಷ ಬಾಯಿ ನೋಡಿದ ಮನುಷ್ಯ, ತನಗೆ ತಿಳಿಯದ ಬಾಯಿಯೊಂದು ಇದೆಯೆಂದರೆ ಒಪ್ಪುವುದು ಹೇಗೆ? ಶನಿವಾರ ಸಂತೆಗೆ ಹೋಗಿ, ಕುರಿಯವನ ಬೈಗುಳ ತಿಂದುಕೊಂಡು, ಒಂದು ಟಗರಿನ ಬಾಯಿ ಬಿಡಿಸಿ ನೋಡಿ ಬಂದರು. "ಖರೇ ಐತಿ ಮಾಳವ್ವ. ಪಾಪ, ಒಂದೊಂದು ಸೆಟ್ಟು ಮಾಡಿ ಕೊಡಬೇಕು" ಎಂದರು. ಒಳಗೆ ಬಾಯಾರು ನಕ್ಕದ್ದು ನನಗೊಬ್ಬನಿಗೇ ಕೇಳಿಸಿತು.

ಹದಿನೇಳನೆಯ ವರ್ಷ ಡಾಕ್ಟರಿಗೆ ಉಸಿರಿನ ಕಾಯಿಲೆ ಹಿಡಿಯಿತು. ರೋಗಿಗಳನ್ನು ಕೂರಿಸುವ ಕುರ್ಚಿಯಲ್ಲಿ ತಾವೇ ಒರಗಿಕೊಂಡು ಮಧ್ಯಾಹ್ನ ಕಳೆಯುತ್ತಿದ್ದರು. ಅಂಥದೊಂದು ಮಧ್ಯಾಹ್ನ ಮಾಳವ್ವ ಯಂತ್ರ ನಿಲ್ಲಿಸಿದಳು.

"ಸಾಹೇಬ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮೊಳಗ ಯಾರರ ತೀರಿಕೊಂಡ್ರ ಏನು ಒಯ್ಯಬೇಕ್ರಿ?"

ಮೊದಲು ಕೆಮ್ಮು. ಕೆಮ್ಮಿನೊಳಗಿಂದಲೇ ನಗು.

"ಯಾರರ ಅಂದ್ರ ಯಾರು?"

"ಹಂಗ ಸುಮ್ಮನ ಕೇಳಿದ್ನಿರಿ. ಮತ್ತ ತಪ್ಪಬಾರದು ಅಂತ."

"ನಾನ ಅಂತ ಹೇಳು, ನನಗೇನೂ ಬ್ಯಾಸರಿಲ್ಲ. ಮದವಿಗೆ ಏನು ತರಬೇಕು ಅಂತ ನಾ ಹೇಳಿಕೊಡಲಿಲ್ಲ, ತಪ್ಪು ನಂದು. ಇದನ್ನರ ಹೇಳಿಕೊಡ್ತೇನಿ, ಚೊಲೋತ್ನಂಗ ಕೇಳು. ಬಿಳಿ ಕವರು ತಗೋ."

"ಬಿಳೀದರಿ?"

"ಬಿಳೀದ. ಕೆಂಪು ಬ್ಯಾಡ. ಕೆಂಪು ಸೀರಿನೂ ಉಡಬ್ಯಾಡ. ಕವರಿನ್ಯಾಗ ನೂರೊಂದು ಹಾಕು. ಮದವಿಗೆ ಜೋಡಿ ಲೆಕ್ಕ, ಸಾವಿಗೆ ಬೆಸ. ಸಾವಿಗೆ ಜೋಡಿ ಕೊಟ್ರ ದುಃಖ ಇನ್ನೊಮ್ಮಿ ಬರ್ತೈತಿ ಅಂತಾರ ನಮ್ಮ ಮಂದಿ."

ಹೊರಗೆ ಮಾಳವ್ವ, ಟ್ರಂಕಿನೊಳಗೆ ನಾನು, ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ಹಂಗಾರ ಮದವ್ಯಾಗ ನಾ ತಂದದ್ದು..."

"ಹೌದು. ಕಪ್ಪು ಹೊದಿಕಿ, ಬಿಳಿ ಕವರು, ನೂರೊಂದು. ಒಂದೂ ಬಿಡದಂಗ ಎಲ್ಲಾ ಸಾವಿಗೆ ತರೂದ ತಂದಿದ್ದಿ" ಎಂದು ಡಾಕ್ಟರು ಮತ್ತೆ ನಕ್ಕರು.

ಮಾಳವ್ವ ನಗಲಿಲ್ಲ. ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಸೂಯಿನಮ್ಮನ ಕೂಸು ನನ್ನಿಂದ ಹೋತೇನ್ರಿ?"

"ಕೂಸು ಜ್ವರದಿಂದ ಹೋತು. ನನಗೂ ಗೊತ್ತೈತಿ, ನಿಮ್ಮ ಬಾಯಾರಿಗೂ ಗೊತ್ತೈತಿ. ಗೊತ್ತಿದ್ರೂ ಆಕೀ ಮನಸ್ಸು ಒಪ್ಪವಲ್ಲದು, ಏನ್ಮಾಡಲಿ."

ಆಗ ನನ್ನ ತಲೆಯ ಮೇಲೆ ಟಣ್ ಎಂದು ಸದ್ದಾಯಿತು. ಬಾಯಾರ ಹಸಿರು ಕಲ್ಲಿನ ಬಳೆ ಟ್ರಂಕಿನ ಮುಚ್ಚಳಕ್ಕೆ ತಾಗಿತ್ತು. ಅವರು ಅಷ್ಟು ಹೊತ್ತೂ ಪರದೆಯ ಹಿಂದೆಯೇ ನಿಂತಿದ್ದರು.

ಹೊರಗೆ ಪಾಠ ಮುಂದುವರಿಯಿತು. ಕವರನ್ನು ಎರಡೂ ಕೈಯಲ್ಲಿ ಕೊಡಬೇಕು. ಫೋಟೋದ ಮುಂದೆ ಮೂರು ಸಲ ಬಗ್ಗಬೇಕು. ಹೂವು ತಂದರೆ ಬಿಳಿ ಸೇವಂತಿಗೆ. ಮಣ್ಣು ಮಾಡಿದ ಮೇಲೆ ಏನನ್ನೂ ತಂದು ಕೊಡಬಾರದು.

"ಕವರು ಕೊಟ್ಟ ಮ್ಯಾಲ ನಿನಗೊಂದು ಪೆಪ್ಪರಮಿಂಟು, ಒಂದು ಕೆಂಪು ದಾರ ಕೊಡ್ತಾರ. ಪೆಪ್ಪರಮಿಂಟು ಅಲ್ಲೇ ಬಾಯಾಗ ಹಾಕ್ಕೋ. ದಾರ ಮನೀ ಮುಟ್ಟೂದ್ರೊಳಗ ಬಿಸಾಕು, ಸೂತಕ ಅದರ ಜೋಡಿ ಹೋಗ್ತೈತಿ."

"ಪೆಪ್ಪರಮಿಂಟು ತಿಂದ್ರ ಹಲ್ಲು ಹುಳುಕ್ತಾವ ಅಂತ ನೀವ ಅಂತಿದ್ರಲ್ರಿ."

"ನಾ ಸತ್ತ ಮ್ಯಾಲ ಹುಳುಕಿದ್ರ ನನಗೇನಾಗಬೇಕು? ಮತ್ತ ಹೋಗೂವಾಗ ಬರ್ತೀನಿ ಅನಬ್ಯಾಡ."

"ಅದು ನಮ್ಮೊಳಗೂ ಅನ್ನೂದಿಲ್ರಿ."

"ಹೌದೇನು?" ಎಂದರು ಡಾಕ್ಟರು. ಅಷ್ಟು ದೂರದ ಎರಡು ಊರುಗಳಲ್ಲಿ ಸಾವಿನ ಮನೆಯಿಂದ ಜನ ಒಂದೇ ರೀತಿ ಮಾತಿಲ್ಲದೆ ಎದ್ದು ಹೋಗುತ್ತಾರೆ ಎಂಬುದು ಇಬ್ಬರಿಗೂ ಬಹಳ ಇಷ್ಟವಾಯಿತು. ನನಗೂ ಆಯಿತು.

ಕೊನೆಗೆ ಮಾಳವ್ವ ಕೇಳಿದಳು: "ಹೊದಿಕಿ ತರಬಹುದೇನ್ರಿ?"

"ಹೊದಿಕಿ ಮಗಳಾದಾಕಿ ಹೊದಿಸೂದು. ಹೊರಗಿನೋರು ಕವರು ಕೊಡ್ತಾರ."

"ಆತ್ರಿ. ನಾ ಕವರು ಕೊಡ್ತೀನಿ" ಎಂದಳು ಮಾಳವ್ವ. ಯಂತ್ರ ಮತ್ತೆ ಗುಂಯ್ ಎಂದಿತು.

ಎರಡು ತಿಂಗಳಿಗೆ ಡಾಕ್ಟರು ತೀರಿಕೊಂಡರು. ಕಲ್ಕತ್ತೆಯಿಂದ ಸೂಯಿನ್ ಮತ್ತು ಅವಳ ಗಂಡ ಬಂದರು, ಪುಣೆಯಿಂದ ಚಿಕ್ಕವಳು ಲಿಯೆನ್ ಬಂದಳು. ಬೆಂಗಳೂರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಡಾಕ್ಟರ ಅಣ್ಣ ಬಂದರು. ಕುರ್ಚಿ, ಯಂತ್ರ ಎಲ್ಲ ಸರಿಸಿ ದವಾಖಾನೆಯಲ್ಲೇ ಶವಪೆಟ್ಟಿಗೆ ಇಟ್ಟಿದ್ದರು. ನನಗೆ ಏನೂ ಕಾಣುತ್ತಿರಲಿಲ್ಲ. ಊದುಬತ್ತಿಯ ವಾಸನೆ, ಚಪ್ಪಲಿ ಸದ್ದು, ತಗ್ಗಿದ ದನಿಗಳು, ಇಷ್ಟೇ.

ಒಳಗೆ ತಾಯಿ ಮಕ್ಕಳ ನಡುವೆ ಸಣ್ಣ ವಾದ ನಡೆದಿತ್ತು. ಇಬ್ಬರು ಹೆಣ್ಣುಮಕ್ಕಳು ಎರಡು ರೇಷ್ಮೆ ಹೊದಿಕೆ ತಂದಿದ್ದರು. ಎರಡೆಂದರೆ ಜೋಡಿ. ಜೋಡಿ ಹೊದಿಸಿ ಕಳಿಸಲು ಬಾಯಾರು ಸುತರಾಂ ಒಪ್ಪಲಿಲ್ಲ. "ಯಾರದು ಬಿಡೋಣ ಹೇಳು, ನಂದೋ ಅಕ್ಕಂದೋ?" ಎಂದು ಲಿಯೆನ್ ಅತ್ತಳು. "ಪೇಟೆಯಿಂದ ಇನ್ನೊಂದು ತರಿಸೋಣ" ಎಂದಳು ಸೂಯಿನ್. ಬಾಯಾರು ಎದ್ದು ದವಾಖಾನೆಗೆ ನಡೆದರು.

ಹತ್ತು ಗಂಟೆಯ ಹೊತ್ತಿಗೆ ಹೊರಗೆ ಮಾಳವ್ವನ ದನಿ ಕೇಳಿಸಿತು. ನನ್ನ ಎಳೆಗಳೆಲ್ಲ ನಿಮಿರಿದವು. ಈ ಸಲ ಅವಳು ಏನನ್ನೂ ತಪ್ಪುವಂತಿಲ್ಲ. ಬಿಳಿ ಸೀರೆಯನ್ನೇ ಉಟ್ಟಿರಬೇಕು. ಸೇವಂತಿಗೆಯ ವಾಸನೆ ಬಂತು. ಒಂದು, ಎರಡು, ಮೂರು ಸಲ ಬಗ್ಗಿದಾಗ ಅವಳ ಮೊಣಕಾಲು ಮೂರು ಸಲ ಲಟಕ್ ಎಂದಿತು. ಆಮೇಲೆ ಮೇಜಿನ ಹತ್ತಿರ ಹೋದಳು. ಅಲ್ಲಿ ಬಂದವರ ಕವರು ಇಸಿದುಕೊಳ್ಳಲು ಸೂಯಿನ್‌ಳ ಗಂಡ ಕೂತಿದ್ದ.

"ತಗೊಳ್ರಿ" ಎಂದಳು ಮಾಳವ್ವ. ಪೆಪ್ಪರಮಿಂಟಿನ ಕಾಗದ ಚರಚರ ಎಂದಿತು. ಅವನು ಅವಳಿಗೆ ಕೊಡಲು ಎತ್ತಿಕೊಂಡಿರಬೇಕು.

ಆಗ ಬಾಯಾರ ದನಿ ಬಂತು. "ಆಕೀಗೆ ಕೊಡಬ್ಯಾಡ."

ಕಾಗದದ ಚರಚರ ನಿಂತಿತು.

"ದಾರಾನೂ ಕೊಡಬ್ಯಾಡ. ಆಕೀ ಕವರು ಆಕೀಗೆ ವಾಪಸ್ ಕೊಡು."

ನನಗೆ ಟ್ರಂಕು ಒಡೆದು ಹೊರಗೆ ಹಾರಬೇಕೆನಿಸಿತು. ಹದಿನೇಳು ವರ್ಷ ಸಾಲದೇ? ಕಲಿತು, ಬಾಯಿಪಾಠ ಮಾಡಿ, ಕೂದಲೆಳೆಯಷ್ಟೂ ತಪ್ಪದೆ ತಂದಿದ್ದಾಳಲ್ಲ. ಮಾಳವ್ವನ ದನಿ ಒಡೆಯಿತು. "ಬಾಯಾರ, ಈ ಸಲ ಎಲ್ಲಾ ಬರೋಬರಿ ತಂದೀನ್ರಿ. ಸಾಹೇಬ್ರ ಹೇಳಿಕೊಟ್ಟಿದ್ರು. ಬಿಳೀದ ಐತ್ರಿ, ನೂರೊಂದು ಐತ್ರಿ."

"ಗೊತ್ತೈತಿ" ಎಂದರು ಬಾಯಾರು. "ಕವರು ಹೊರಗಿನೋರು ಕೊಡ್ತಾರ. ಮಗಳು ಹೊದಿಸ್ತಾಳ. ಒಳಗ ಬಾ."

ಪರದೆಯ ಬಳೆಗಳು ಕಂಬಿಯ ಮೇಲೆ ಸರಕ್ಕನೆ ಸರಿದವು. ಬೀಗದಲ್ಲಿ ಕೀಲಿ ತಿರುಗಿತು. ಬೆಳಕು ಬಿತ್ತು, ಮತ್ತು ಬೆಳಕಿನಲ್ಲಿ ಇಬ್ಬರು ಮುದುಕಿಯರ ಮುಖ ಕಂಡಿತು. ನಾನು ಇಬ್ಬರನ್ನೂ ಕೂದಲು ಕಪ್ಪಿದ್ದಾಗ ನೋಡಿದ್ದೆ. ಬಾಯಾರು ಮೊದಲ ಸಲ ನನ್ನನ್ನು ಮುಟ್ಟಿದರು. ಎತ್ತಿ ಮಾಳವ್ವನ ತೋಳಿನ ಮೇಲೆ ಇಟ್ಟರು. "ನುಸಿ ತಿನ್ನಾಕ ಬಿಟ್ಟಿಲ್ಲ ನೋಡು" ಎಂದರು. ಮಾಳವ್ವ ನನ್ನಲ್ಲಿ ಮುಖ ಹುದುಗಿಸಿ ಅತ್ತಳು. ಉಪ್ಪುನೀರಿಗೆ ನನ್ನ ಹಳೆಯ ಗಂಜಿ ಮೆತ್ತಗಾಯಿತು.

ಸೂಯಿನ್ ಹೊದಿಸಿದಳು, ಲಿಯೆನ್ ಹೊದಿಸಿದಳು. ಮಾಳವ್ವ ನನ್ನನ್ನು ಬಿಡಿಸಿ ಹಿಡಿದಾಗ ಬೆಂಗಳೂರಿನ ಅಣ್ಣ ಕೈ ಅಡ್ಡ ಮಾಡಿದರು. ಅವರ ಭಾಷೆಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು: ಪ್ರಾಣಿಯ ಕೂದಲು ಪೆಟ್ಟಿಗೆಯೊಳಗೆ ಹೋಗಬಾರದು, ಹೋದರೆ ಸತ್ತವನು ಆ ಪ್ರಾಣಿಯಾಗಿ ಹುಟ್ಟುತ್ತಾನೆ. ಹಿರಿಯರು ಹಾಗೆ ಹೇಳಿದ್ದಾರೆ. ಇವನು ಕುರಿಯಾಗಬೇಕೇ?

ಪದ್ಧತಿ ಬಿಡದ ಹೆಂಗಸು ಬಾಯಾರು. ಎರಡು ಹೊದಿಕೆಗೆ ಅಷ್ಟು ಹಟ ಹಿಡಿದವರು ಇದಕ್ಕೆ ಏನನ್ನುತ್ತಾರೋ. ಮಾಳವ್ವನಿಗೆ ಮಾತು ತಿಳಿಯದಿದ್ದರೂ ಆ ಕೈ ತಿಳಿಯಿತು. ಮತ್ತೆ ಏನೋ ತಪ್ಪಾಗಿದೆ ಎಂದು ಅವಳು ನನ್ನನ್ನು ಮಡಚತೊಡಗಿದಳು.

ಬಾಯಾರು ಗಂಡನ ಮುಖ ನೋಡಿದರು. ಭಾವನಿಗೆ ಉತ್ತರ ಕೊಟ್ಟದ್ದು ಕನ್ನಡದಲ್ಲಿ, ಮಾಳವ್ವನಿಗೂ ಕೇಳಲಿ ಎಂದು. "ಕುರಿಯಾದ್ರ ಆಗಲಿ. ಮೆಡ್ಲೇರ್ಯಾಗ ಹುಟ್ಟಲಿ. ಈಕೀ ತವರಮನಿಯವರು ಚೊಲೋ ಮೇಸ್ತಾರ."

ಸೂಯಿನ್‌ಳ ಬಾಯಿಂದ ಅಳುವಿನ ನಡುವೆ ನಗು ಬಂತು. ಮಾಳವ್ವನಿಗೂ ತಡೆಯಲಾಗಲಿಲ್ಲ. "ಮ್ಯಾಲಿನ ಹಲ್ಲ ಇರೂದಿಲ್ರಿ ಬಾಯಾರ" ಎಂದಳು, ಕಣ್ಣೀರು ಒರೆಸಿಕೊಳ್ಳುತ್ತ.

"ಇರದಿದ್ರ ಸೆಟ್ಟು ಮಾಡ್ಕೋತಾರ" ಎಂದರು ಬಾಯಾರು.

ಮಾಳವ್ವ ನನ್ನನ್ನು ಹೊದಿಸಿದಳು. ಕೊರಳಿನವರೆಗೆ ಎಳೆದು, ಎರಡೂ ಬದಿ ಒಳಗೆ ಸಿಕ್ಕಿಸಿ, ಸುಕ್ಕು ಸವರಿದಳು. ಚಳಿಗಾಲದಲ್ಲಿ ಅಪ್ಪನಿಗೆ ಹಾಗೆ ಹೊದಿಸುತ್ತಿದ್ದಳೋ ಏನೋ. ಮುಚ್ಚಳ ಬಿತ್ತು.

ಊರ ಹೊರಗೆ ಡಾಕ್ಟರ ಅಜ್ಜನ ಗೋರಿಯ ಪಕ್ಕ ನಮ್ಮನ್ನು ಇಳಿಸಿದರು. ಬಂದವರು ಒಬ್ಬೊಬ್ಬರಾಗಿ ಮಾತಿಲ್ಲದೆ ಹಿಂದಿರುಗುವ ಸದ್ದು ಹಲಗೆಯ ಮೂಲಕ ಕೇಳಿಸುತ್ತಿತ್ತು. ಯಾರೂ ಬರ್ತೀನಿ ಎನ್ನಲಿಲ್ಲ. ಮಾಳವ್ವನೂ ಹಾಗೇ ಸುಮ್ಮನೆ ಗೇಟಿನ ಕಡೆ ಹೊರಟಿರಬೇಕು. ಮಣ್ಣು ಪೂರ್ತಿ ಮುಚ್ಚುವ ಮೊದಲು ನನಗೆ ಕೇಳಿಸಿದ ಕೊನೆಯ ಮನುಷ್ಯರ ಮಾತು ಬಾಯಾರದು.

"ನೀ ಎಲ್ಲಿಗೆ ಹೊಂಟಿ? ಮನಿಗೆ ನಡಿ. ನಾಕಕ್ಕ ಚಾ ಇಡಬೇಕು."

ಈಗ ನಾನು ಇಲ್ಲಿದ್ದೇನೆ. ಮುದಿಯಾಗಿದ್ದೇನೆ. ಅಂಚು ಮಣ್ಣಾಗಿದೆ, ಬೇರುಗಳು ನನ್ನೊಳಗೆ ನೂಲುತ್ತಿವೆ. ನನ್ನ ಮೇಲೆ ಹುಲ್ಲು ಬೆಳೆದಿದೆ ಎಂದು ಕಾಣುತ್ತದೆ, ಒಮ್ಮೊಮ್ಮೆ ಮೇಲೆ ಕುರಿಗಳು ಕರಕರ ಮೇಯುವುದು ಕೇಳಿಸುತ್ತದೆ. ಬದುಕಿನಲ್ಲಿ ನನ್ನನ್ನು ಹೊದ್ದವರು ಒಬ್ಬರೇ. ತಪ್ಪು ಉಡುಗೊರೆ ಎಂದು ನನ್ನನ್ನು ಬಚ್ಚಿಟ್ಟರು, ಆದರೆ ನಾನು ಹದಿನೇಳು ವರ್ಷ ಮೊದಲೇ ಬಂದುಬಿಟ್ಟಿದ್ದೆ, ಅಷ್ಟೇ.

ಒಂದು ಕುತೂಹಲ ಮಾತ್ರ ಇನ್ನೂ ಉಳಿದಿದೆ. ಮೆಡ್ಲೇರಿಯ ಆ ಹಟ್ಟಿಯಲ್ಲಿ ಈಚೆಗೆ ಒಂದು ಕರಿ ಮರಿ ಹುಟ್ಟಿದೆಯೇ? ಎದುರಿಗೆ ಸಿಕ್ಕವರ ಬಾಯೊಳಗೆಲ್ಲ ಇಣುಕಿ ನೋಡುವ ಮರಿ? ಆ ಕಡೆ ಹೋದರೆ ಸ್ವಲ್ಪ ವಿಚಾರಿಸಿ. ಇದ್ದರೆ ಅದಕ್ಕೆ ಹೇಳಿ, ನಾಲ್ಕು ಗಂಟೆಗೆ ಪರದೆಯ ಒಳಗೆ ಇಬ್ಬರೂ ಚಾ ಕುಡಿಯುತ್ತಿದ್ದಾರೆ ಎಂದು.